ಟಿಜೆ ಸ್ಕೂಲಿಗೆ ಮಗಳನ್ನು ಸೇರಿಸಬೇಕಾ? ಮೊದಲು ಬಸ್ಸಿನ ಲೆಕ್ಕ ಹಾಕಿ

ನಿಮ್ಮ ಪ್ರಶ್ನೆ ಇಷ್ಟು: ಜೂನ್‌ನಲ್ಲಿ ಬೆಂಗಳೂರು ಬಿಟ್ಟು ಉತ್ತರ ವರ್ಜೀನಿಯಾದ ಆಶ್‌ಬರ್ನ್ ಕಡೆಗೆ ಬರುತ್ತಿದ್ದೀರಿ. ಮಗಳು ಈಗ ಏಳನೇ ಕ್ಲಾಸು, ಲೆಕ್ಕದಲ್ಲಿ ಚುರುಕು. ಎಲ್ಲರೂ ಹೇಳುವ ‘ಟಿಜೆ’ ಮ್ಯಾಗ್ನೆಟ್ ಸ್ಕೂಲಿಗೆ ಸೇರಿಸಲೇಬೇಕಾ, ಕೋಚಿಂಗ್ ಈಗಿನಿಂದಲೇ ಹಾಕಬೇಕಾ ಅಂತ.

ನನ್ನ ದೊಡ್ಡ ಮಗಳು ಅಲ್ಲಿ ನಾಲ್ಕು ವರ್ಷ ಓದಿದಳು. ಚಿಕ್ಕವನು ಅರ್ಜಿಯನ್ನೇ ಹಾಕಲಿಲ್ಲ. ಕೋಚಿಂಗ್ ಬೇಡ. ಸೇರಿಸಬೇಕಾ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕು.

ಅಮೆರಿಕದಲ್ಲಿ ಸರ್ಕಾರಿ ಸ್ಕೂಲು ಅಂದರೆ ಮನೆ ಅಡ್ರೆಸ್ ಯಾವುದೋ ಆ ಸ್ಕೂಲು. ಬೇರೆ ಆಯ್ಕೆ ಕಡಿಮೆ. ಕರಿಯರು ಬಿಳಿಯರು ಬೇರೆಬೇರೆ ಬಡಾವಣೆಗಳಲ್ಲಿದ್ದರು, ಹಾಗಾಗಿ ಸ್ಕೂಲುಗಳೂ ಬೇರೆಬೇರೆಯೇ ಉಳಿದವು. ಇಬ್ಬರನ್ನೂ ಬೆರೆಸಲು ಮಕ್ಕಳನ್ನು ಬಲವಂತವಾಗಿ ದೂರದ ಸ್ಕೂಲಿಗೆ ಬಸ್ಸಲ್ಲಿ ಕಳಿಸುವ ಬದಲು, ಒಂದು ಸ್ಕೂಲಿನಲ್ಲಿ ಏನಾದರೂ ವಿಶೇಷ ಇಟ್ಟರೆ ಅಪ್ಪ ಅಮ್ಮಂದಿರೇ ದೂರದಿಂದ ಕಳಿಸುತ್ತಾರಲ್ವಾ ಅನ್ನುವ ಯೋಚನೆ 1970ರ ದಶಕದಲ್ಲಿ ಜೋರಾಯಿತು. ಅಯಸ್ಕಾಂತದ ಹಾಗೆ ಎಳೆಯುವುದರಿಂದ ‘ಮ್ಯಾಗ್ನೆಟ್’. ಆಮೇಲೆ ಗಣಿತ ವಿಜ್ಞಾನದ ಮ್ಯಾಗ್ನೆಟ್‌ಗಳಿಗೆ ಜನ ಮುಗಿಬಿದ್ದರು, ಮೂಲ ಉದ್ದೇಶ ಹಿಂದೆ ಸರಿಯಿತು.

ಟಿಜೆ ಅಂದರೆ ಥಾಮಸ್ ಜೆಫರ್ಸನ್ ಹೈಸ್ಕೂಲ್ ಫಾರ್ ಸೈನ್ಸ್ ಅಂಡ್ ಟೆಕ್ನಾಲಜಿ. 1985ರಲ್ಲಿ ಶುರುವಾಗಿದ್ದು. ಫೇರ್‌ಫ್ಯಾಕ್ಸ್ ಕೌಂಟಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ನಡೆಸುತ್ತದೆ. ಸುತ್ತಲಿನ ಲೌಡನ್ (ಆಶ್‌ಬರ್ನ್ ಇರುವ ಕೌಂಟಿ), ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್, ಫಾಲ್ಸ್ ಚರ್ಚ್ ಮಕ್ಕಳೂ ಸೇರಬಹುದು. ಒಂಬತ್ತರಿಂದ ಹನ್ನೆರಡನೇ ಕ್ಲಾಸು. ಫೀಸಿಲ್ಲ.

ಇನ್ನು ಸೀಟು. 2020ರವರೆಗೆ ಪ್ರವೇಶ ಪರೀಕ್ಷೆ ಇತ್ತು, ಅದರ ಸುತ್ತ ಕೋಚಿಂಗ್ ಸೆಂಟರ್‌ಗಳ ಸಂತೆಯೇ ಇತ್ತು. ಪರೀಕ್ಷೆ ತೆಗೆದರು. ಈಗ ಮಾರ್ಕ್ಸ್, ಮಗು ತನ್ನ ಬಗ್ಗೆ ಬರೆಯುವ ಬರಹ, ಒಂದು ಗಣಿತ ಅಥವಾ ವಿಜ್ಞಾನದ ಸಮಸ್ಯೆ ಬಿಡಿಸಿ ವಿವರಿಸುವ ಬರಹ ನೋಡುತ್ತಾರೆ. ಮನೆಯ ಆರ್ಥಿಕ ಸ್ಥಿತಿಯಂಥವೂ ಲೆಕ್ಕಕ್ಕೆ ಬರುತ್ತವೆ. ವರ್ಷಕ್ಕೆ 550 ಸೀಟು. ಪ್ರತಿ ಸರ್ಕಾರಿ ಮಿಡಲ್ ಸ್ಕೂಲಿಗೂ ಅದರ ಎಂಟನೇ ಕ್ಲಾಸಿನ ಶೇ. 1.5ರಷ್ಟು ಸೀಟು ಮೀಸಲು. ನಮ್ಮ ನವೋದಯದಲ್ಲಿ ಹಳ್ಳಿ ಮಕ್ಕಳಿಗೆ ಶೇ. 75 ಇದೆಯಲ್ಲ, ಹೆಚ್ಚುಕಡಿಮೆ ಅದೇ ಧಾಟಿ. ನಿಮ್ಮ ಮಗಳ ಸ್ಕೂಲಿನಲ್ಲಿ ಎಂಟನೇ ಕ್ಲಾಸಿಗೆ 400 ಮಕ್ಕಳಿದ್ದರೆ ಆರು ಸೀಟು. ಆಶ್‌ಬರ್ನ್ ಕಡೆ ಪ್ರತಿ ಸ್ಕೂಲಲ್ಲೂ ಲೆಕ್ಕದ ಹುಲಿಗಳು ತುಂಬಿರುತ್ತಾರೆ, ಅದು ಗೊತ್ತಿರಲಿ.

ಈ ಬದಲಾವಣೆಯಾದ ಮೊದಲ ವರ್ಷವೇ ಏಷ್ಯಾ ಮೂಲದ ಮಕ್ಕಳ ಪಾಲು ಶೇ. 73ರಿಂದ 54ಕ್ಕೆ ಇಳಿಯಿತು. ಪೋಷಕರು ಕೋರ್ಟಿಗೆ ಹೋದರು, ಕೆಳಗಿನ ಕೋರ್ಟಲ್ಲಿ ಗೆದ್ದರು, 2023ರಲ್ಲಿ ಮೇಲ್ಮನವಿಯಲ್ಲಿ ಸೋತರು. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲಿಲ್ಲ. ಇಲ್ಲಿಯ ಯುಗಾದಿ ಊಟದ ಸಾಲಿನಲ್ಲಿ ಈ ಮಾತು ತೆಗೆದರೆ ಹೋಳಿಗೆ ತಣ್ಣಗಾಗುವವರೆಗೂ ಮುಗಿಯುವುದಿಲ್ಲ. ಮೊದಲು ನನಗೂ ಸಿಟ್ಟಿತ್ತು. ಆದರೆ ಹಳೇ ಪರೀಕ್ಷೆ ಅಳೆಯುತ್ತಿದ್ದದ್ದರಲ್ಲಿ ಬುದ್ಧಿ ಎಷ್ಟು, ಕೋಚಿಂಗ್ ಫೀಸು ಎಷ್ಟು ಅಂತ ಈಗ ಅನುಮಾನ. ಬೈಯ್ಯೋರು ಬೈಯ್ಯಲಿ.

ಒಳಗೆ ಏನಿದೆ ಅಂದರೆ, ಮೊದಲ ವರ್ಷ ಬಯಾಲಜಿ, ಇಂಗ್ಲಿಷ್, ಟೆಕ್ನಾಲಜಿ ಮೂರನ್ನೂ ಜೋಡಿಸಿ ಕಲಿಸುತ್ತಾರೆ. ಒಂದೇ ಗುಂಪಿನ ಮಕ್ಕಳು, ಮೂರು ಟೀಚರ್‌ಗಳು ಸೇರಿ ಪ್ರಾಜೆಕ್ಟ್ ಕೊಡುತ್ತಾರೆ. ಗಣಿತದಲ್ಲಿ ಮುಂದಿರುವವರಿಗೆ ಕಾಲೇಜು ಮಟ್ಟದ ಮಲ್ಟಿವೇರಿಯಬಲ್ ಕ್ಯಾಲ್ಕುಲಸ್, ಲೀನಿಯರ್ ಆಲ್ಜೀಬ್ರಾ ಕೂಡ ಸ್ಕೂಲಲ್ಲೇ ಸಿಗುತ್ತದೆ. ಇವರ ಮಕ್ಕಳು ಕಟ್ಟಿದ ಹತ್ತು ಸೆಂಟಿಮೀಟರ್ ಘನಾಕಾರದ ಉಪಗ್ರಹ 2013ರ ನವೆಂಬರ್‌ನಲ್ಲಿ ವರ್ಜೀನಿಯಾದ ವಾಲಪ್ಸ್‌ನಿಂದ ಮೇಲೆ ಹೋಯಿತು. ಹೈಸ್ಕೂಲ್ ಮಕ್ಕಳು ಕಟ್ಟಿ ಹಾರಿಸಿದ ಮೊದಲ ಉಪಗ್ರಹ ಅದು.

ನನ್ನನ್ನು ಕೇಳಿದರೆ ಸ್ಕೂಲಿನ ಜೀವ ಇರುವುದು ಕೊನೇ ವರ್ಷದ ರಿಸರ್ಚ್ ಲ್ಯಾಬ್‌ನಲ್ಲಿ. ಖಗೋಳ, ನರವಿಜ್ಞಾನ, ರೋಬಾಟು, ಸಮುದ್ರವಿಜ್ಞಾನ ಹೀಗೆ ಹತ್ತಾರು ಲ್ಯಾಬ್. ನನ್ನ ಮಗಳದ್ದು ಸಮುದ್ರವಿಜ್ಞಾನ. ಸಮುದ್ರ ಇಲ್ಲಿಂದ ದೂರ, ಹಾಗಾಗಿ ನಮ್ಮ ಮನೆ ಹತ್ತಿರ ಹರಿಯುವ ಬ್ರಾಡ್ ರನ್ ಹೊಳೆಯನ್ನೇ ಹಿಡಿದಳು. ಅದು ಪೊಟೊಮ್ಯಾಕ್ ಸೇರಿ ಚೆಸಪೀಕ್ ಕೊಲ್ಲಿಗೆ ಹೋಗುತ್ತದೆ. ಹುಲ್ಲುಹಾಸಿಗೆ ಹಾಕುವ ಗೊಬ್ಬರ ಮಳೆಗೆ ಕೊಚ್ಚಿ ನೀರಿಗೆ ಎಷ್ಟು ಸೇರುತ್ತದೆ ಅನ್ನುವುದು ಅವಳ ಪ್ರಶ್ನೆ. ಪ್ರತಿ ಶನಿವಾರ ಅದೇ ಸೇತುವೆ, ಅದೇ ಹೊತ್ತು, ಅದೇ ಅಳತೆಯ ಬಾಟಲಿ. ನೀರಿಗೆ ಒಂದು ರಾಸಾಯನಿಕ ಹಾಕಿದರೆ ನೀಲಿಯಾಗುತ್ತದೆ, ಗೊಬ್ಬರದಲ್ಲಿರುವ ಫಾಸ್ಫೇಟ್ ಜಾಸ್ತಿ ಇದ್ದಷ್ಟೂ ನೀಲಿ ಗಾಢ. ಸೋಮವಾರ ಲ್ಯಾಬ್ ತಲುಪುವವರೆಗೆ ಬಾಟಲಿಗಳು ನಮ್ಮ ಫ್ರಿಜ್‌ನಲ್ಲಿ, ದೋಸೆ ಹಿಟ್ಟಿನ ಪಕ್ಕ.

ಆ ವರ್ಷ ತುಮಕೂರಿನಿಂದ ನಮ್ಮ ಅತ್ತೆ ಬಂದಿದ್ದರು. ಒಂದು ಭಾನುವಾರ ಫ್ರಿಜ್ ಒರೆಸಲು ಹೋಗಿ, ಇದೇನು ಕೊಳಕು ನೀರು ಇಟ್ಟಿದ್ದಾರೆ ಅಂತ ಎಲ್ಲಾ ಬಾಟಲಿ ಕರಿಬೇವಿನ ಕುಂಡಕ್ಕೆ ಸುರಿದುಬಿಟ್ಟರು. ಮಗಳು ಅತ್ತಳು. ಆಮೇಲೆ ಟೀಚರ್ ಹೇಳಿದ್ದಿಷ್ಟೇ: ಆ ವಾರದ ಅಂಕಿ ಊಹಿಸಿ ತುಂಬಬೇಡ, ಗ್ರಾಫಲ್ಲಿ ಖಾಲಿ ಬಿಡು, ಯಾಕೆ ಖಾಲಿ ಅಂತ ಕೆಳಗೆ ಬರಿ. ಬರೆದಳು. ಅಜ್ಜಿಯ ಹೆಸರು ಮಾತ್ರ ಹಾಕಲಿಲ್ಲ.

ಈಗ ಬಸ್ಸು. ಆಶ್‌ಬರ್ನ್‌ನಿಂದ ಟಿಜೆ ಸುಮಾರು 45 ಕಿಲೋಮೀಟರ್, ಅದೂ ವಾಷಿಂಗ್ಟನ್ ಸುತ್ತಲಿನ ಟ್ರಾಫಿಕ್‌ನಲ್ಲಿ. ಮಗಳು ಬೆಳಗ್ಗೆ ಏಳಕ್ಕೆ ಮೊದಲೇ ಬಸ್ ಸ್ಟಾಪಿನಲ್ಲಿ ಇರಬೇಕಿತ್ತು. ಚಳಿಗಾಲದಲ್ಲಿ ಅದು ಇನ್ನೂ ಕತ್ತಲು. ವಾಪಸು ಬರುವಾಗ ಸಂಜೆ. ದಿನಕ್ಕೆ ಎರಡೂವರೆ ಮೂರು ಗಂಟೆ ಬಸ್ಸಿನಲ್ಲೇ. ಅವಳು ಅಲ್ಲೇ ಹೋಂವರ್ಕ್ ಮಾಡಿದಳು, ಅಲ್ಲೇ ನಿದ್ದೆ ಮಾಡಿದಳು, ಒಳ್ಳೇ ಸ್ನೇಹಿತೆಯರೂ ಅಲ್ಲೇ ಸಿಕ್ಕರು. ಆದರೆ ಭರತನಾಟ್ಯ ಬಿಟ್ಟುಹೋಯಿತು. ಪಕ್ಕದ ಬೀದಿಯ ಗೆಳತಿಯರೂ ತಪ್ಪಿಹೋದರು.

ಚಿಕ್ಕವನು ಇದನ್ನೆಲ್ಲ ನೋಡಿ ‘ನಂಗೆ ಬೇಡಮ್ಮ’ ಅಂದ. ಅವನಿಗೆ ಮೃದಂಗ ಬಿಡಲು ಇಷ್ಟವಿರಲಿಲ್ಲ. ಲೌಡನ್‌ನದ್ದೇ ಆದ ಅಕಾಡೆಮೀಸ್ ಆಫ್ ಲೌಡನ್ 2018ರಲ್ಲಿ ಲೀಸ್‌ಬರ್ಗ್‌ನಲ್ಲಿ ತೆರೆಯಿತು. ಅದಕ್ಕೆ ಸೇರಿದ. ಒಂದು ದಿನ ಅಲ್ಲಿ, ಮರುದಿನ ಮನೆ ಹತ್ತಿರದ ಹೈಸ್ಕೂಲು. ವಿಜ್ಞಾನಕ್ಕೆ, ಎಂಜಿನಿಯರಿಂಗ್‌ಗೆ ಬೇರೆಬೇರೆ ವಿಭಾಗ. ಅಲ್ಲೂ ಸ್ಪರ್ಧೆ ಇದೆ, ಆದರೆ ಊರು ಬಿಡಬೇಕಾಗಿಲ್ಲ. ಟಿಜೆಗಿಂತ ಕಮ್ಮಿ ಕಲಿತ ಅಂತ ನನಗೇನೂ ಅನಿಸಲಿಲ್ಲ.

ಒಳ್ಳೇ ಕಾಲೇಜು ಸಿಗಲಿ ಅಂತ ಟಿಜೆಗೆ ಹಾಕುವುದಾದರೆ ಇನ್ನೊಮ್ಮೆ ಯೋಚಿಸಿ. ಅಲ್ಲಿ ನಿಮ್ಮ ಮಗಳಂಥವರೇ ನೂರಾರು ಜನ ಅದೇ ನಾಲ್ಕು ಕಾಲೇಜಿಗೆ ಅರ್ಜಿ ಹಾಕುತ್ತಾರೆ. ಸುಮ್ನೆ ಕೂತಾಗಲೂ ಏನಾದರೂ ಬಿಚ್ಚಿ ಜೋಡಿಸುವ ಮಗುವಾದರೆ ಆ ಲ್ಯಾಬ್‌ಗಾಗಿ ಕಳಿಸಿ.

ನಿಮಗೆ ತುರ್ತಾದ ಕೆಲಸ ಬೇರೆ ಇದೆ. ಅರ್ಜಿ ಹಾಕುವುದು ಎಂಟನೇ ಕ್ಲಾಸಿನ ಶರತ್ಕಾಲದಲ್ಲಿ, ಅಂದರೆ ನೀವು ಬಂದು ಕೆಲವೇ ತಿಂಗಳಿಗೆ. ಎಂಟನೇ ಕ್ಲಾಸಿನಲ್ಲಿ ಕನಿಷ್ಠ ಆಲ್ಜೀಬ್ರಾ 1 ಓದುತ್ತಿರಬೇಕು. ಇಲ್ಲಿ ಗಣಿತ ಒಂದೇ ವಿಷಯ ಅಲ್ಲ, ಆಲ್ಜೀಬ್ರಾ ಒಂದು ವರ್ಷ, ಜಾಮಿಟ್ರಿ ಇನ್ನೊಂದು ವರ್ಷ. ಸ್ಕೂಲಿಗೆ ಸೇರಿಸುವ ದಿನವೇ ಬೆಂಗಳೂರಿನ ಮಾರ್ಕ್ಸ್ ಕಾರ್ಡು, ಗಣಿತದ ಸಿಲೆಬಸ್ ಎರಡನ್ನೂ ತೋರಿಸಿ, ಯಾವ ಗಣಿತಕ್ಕೆ ಹಾಕುತ್ತೀರಿ ಅಂತ ಬಾಯಿಬಿಟ್ಟು ಕೇಳಿ. ಕೇಳದಿದ್ದರೆ ಒಂದು ಮೆಟ್ಟಿಲು ಕೆಳಗೆ ಕೂರಿಸುವ ಸಾಧ್ಯತೆ ಇರುತ್ತದೆ. ಈ ಸಲ ತಪ್ಪಿದರೂ ಒಂಬತ್ತರಲ್ಲಿ ಓದುತ್ತಾ ಹತ್ತಕ್ಕೆ ಅರ್ಜಿ ಹಾಕಬಹುದು, ಸೀಟು ಮಾತ್ರ ಕಡಿಮೆ.

ಮನೆ ಎಲ್ಲಿ ಅಂತ ಗೊತ್ತಾದ ಮೇಲೆ ಹೇಳಿ, ಬಸ್ಸಿನ ದಾರಿ ಹೇಳುತ್ತೇನೆ. ಮತ್ತೆ ಕರಿಬೇವಿನ ಗಿಡ ತರಲು ಹೋಗಬೇಡಿ, ಏರ್‌ಪೋರ್ಟಲ್ಲಿ ಕಿತ್ತುಕೊಳ್ಳುತ್ತಾರೆ. ನಮ್ಮ ಮನೆಯದು ಆ ನೀರು ಕುಡಿದ ಮೇಲೆ ಚೆನ್ನಾಗಿ ಬಂದಿದೆ, ಒಂದು ಸಸಿ ಕೊಡುತ್ತೇನೆ.