ಓದುಗರ ಪ್ರಶ್ನೆ, ವೈದ್ಯರ ಉತ್ತರ: ಮುಖದ ನರದ ನೋವು ಬಿಡುವು ಕೊಟ್ಟಾಗ

ಪ್ರಶ್ನೆ: ನನಗೆ 58 ವರ್ಷ. ಮೂರು ವರ್ಷಗಳಿಂದ ಬಲಗೆನ್ನೆಯಲ್ಲಿ, ಮೂಗಿನ ಪಕ್ಕದಿಂದ ಮೇಲ್ದವಡೆಯವರೆಗೆ, ಕರೆಂಟ್ ಹೊಡೆದಂತಹ ನೋವು ಬರುತ್ತಿದೆ. ಹಲ್ಲಿನ ನೋವೆಂದು ತಿಳಿದು ಎರಡು ದವಡೆ ಹಲ್ಲುಗಳನ್ನು ಕೀಳಿಸಿಕೊಂಡೆ. ನೋವು ಇದ್ದಲ್ಲೇ ಇತ್ತು. ಆಮೇಲೆ ನರರೋಗ ತಜ್ಞರು ಇದು ಟ್ರೈಜೆಮಿನಲ್ ನ್ಯೂರಾಲ್ಜಿಯಾ ಎಂದು ಹೇಳಿ ಕಾರ್ಬಮಜೆಪಿನ್ ಮಾತ್ರೆ ಕೊಟ್ಟರು. ಕಳೆದ ವರ್ಷ ನೋವು ಇದ್ದಕ್ಕಿದ್ದಂತೆ ನಿಂತಿತು. ಅದೇ ವಾರ ಪರಿಚಯದವರೊಬ್ಬರು ಕೊಟ್ಟ ಲೇಪವನ್ನು ಹಚ್ಚಲು ಶುರು ಮಾಡಿದ್ದೆ. ಅದರಿಂದಲೇ ವಾಸಿಯಾಯಿತೆಂದು ನಂಬಿ ಮಾತ್ರೆಯನ್ನು ನಾನೇ ನಿಲ್ಲಿಸಿಬಿಟ್ಟೆ. ಏಳು ತಿಂಗಳು ಆರಾಮವಾಗಿದ್ದೆ. ಮೊನ್ನೆ ಬೆಳಿಗ್ಗೆ ಮುಖ ಒರೆಸಿಕೊಳ್ಳುವಾಗ ಟವೆಲ್ಲಿನ ಅಂಚು ತುಟಿಗೆ ತಾಗಿದ್ದೇ ತಡ, ಮತ್ತೆ ಹೊಡೆಯಿತು. ಈಗ ಆ ಲೇಪವೂ ಕೆಲಸ ಮಾಡುತ್ತಿಲ್ಲ. ನಡುವೆ ಅಷ್ಟು ದಿನ ಚೆನ್ನಾಗಿದ್ದುದರಿಂದ ಮನೆಯವರಿಗೂ ನನ್ನ ಮಾತಿನಲ್ಲಿ ಪೂರ್ತಿ ನಂಬಿಕೆ ಇದ್ದಂತಿಲ್ಲ. ನಾನು ಮಾಡಿದ ತಪ್ಪೇನು?

ಉತ್ತರ: ನೋವು ಮರಳಿದ್ದು ನಿಮ್ಮ ತಪ್ಪಿನಿಂದಲ್ಲ. ಅದು ಹೋದದ್ದು ಲೇಪದಿಂದಲೂ ಅಲ್ಲ. ಈ ಕಾಯಿಲೆಯ ಸ್ವಭಾವವೇ ಹೀಗೆ: ಕೆಲವು ವಾರ ಅಥವಾ ತಿಂಗಳು ಕಾಡುತ್ತದೆ, ಯಾವ ಕಾರಣವನ್ನೂ ಹೇಳದೆ ಹಿಂದೆ ಸರಿಯುತ್ತದೆ, ಕೆಲವರಲ್ಲಿ ವರ್ಷಗಟ್ಟಲೆ ಸುಳಿಯುವುದೇ ಇಲ್ಲ, ಮತ್ತೆ ಒಂದು ದಿನ ಹಲ್ಲುಜ್ಜುವಾಗಲೋ ಮಾತನಾಡುವಾಗಲೋ ಪ್ರತ್ಯಕ್ಷವಾಗುತ್ತದೆ. ಮನುಷ್ಯರು ಹೊಸ ಔಷಧಿಯನ್ನು ಹುಡುಕುವುದು ನೋವು ತಾರಕಕ್ಕೇರಿದಾಗ. ತಾರಕಕ್ಕೇರಿದ್ದು ತಾನಾಗಿಯೇ ಇಳಿಯುವ ಸಂಭವವೂ ಆಗಲೇ ಹೆಚ್ಚು. ಹಾಗಾಗಿ ಆ ವಾರ ಕೈಗೆ ಸಿಕ್ಕಿದ್ದು ಯಾವುದೇ ಆಗಿರಲಿ, ಕೀರ್ತಿ ಅದಕ್ಕೆ ಸಲ್ಲುತ್ತದೆ. ಹಲ್ಲು ಕೀಳಿಸಿಕೊಂಡ ವಾರವೇ ನೋವು ನಿಂತಿದ್ದರೆ ನೀವು ಇಂದಿಗೂ ಆ ಹಲ್ಲನ್ನೇ ದೂಷಿಸುತ್ತಿದ್ದಿರಿ. ವೈದ್ಯರೂ ಈ ಭ್ರಮೆಗೆ ಹೊರತಲ್ಲ. ನಾನು ಕೊಟ್ಟ ಮಾತ್ರೆಯಿಂದಲೇ ಗುಣವಾಯಿತೆಂದು ಬೀಗಿದ ಮೇಲೆ, ಆ ರೋಗಿ ಅದನ್ನು ನುಂಗಿಯೇ ಇರಲಿಲ್ಲವೆಂದು ತಿಳಿದು ನಾನೂ ಒಮ್ಮೆ ಪೆಚ್ಚಾಗಿದ್ದೇನೆ.

ಮಿದುಳಿನಿಂದ ಹೊರಡುವ 12 ಜೋಡಿ ನರಗಳಲ್ಲಿ ಐದನೆಯದು ಮುಖದ ಸ್ಪರ್ಶವನ್ನು ಅರಿಯುವ ನರ. ಅದರ ಮೂರು ಕವಲುಗಳು ಹಣೆ, ಕೆನ್ನೆ ಮತ್ತು ಕೆಳದವಡೆಗೆ ಹೋಗುತ್ತವೆ. ನೋವು ಹೆಚ್ಚಾಗಿ ಕೆಳಗಿನ ಎರಡು ಕವಲುಗಳಲ್ಲಿ, ಅದರಲ್ಲೂ ಬಲಗಡೆ, 50 ದಾಟಿದವರಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಕಾಣುತ್ತದೆ. ನರವು ಮಿದುಳಿನ ಕಾಂಡವನ್ನು ಸೇರುವ ಜಾಗದಲ್ಲಿ ಒಂದು ರಕ್ತನಾಳ ಅದಕ್ಕೆ ಒತ್ತಿಕೊಂಡಿರುವುದೇ ಬಹುಪಾಲು ಪ್ರಕರಣಗಳ ಮೂಲ. ನಾಳದ ನಿರಂತರ ಮಿಡಿತಕ್ಕೆ ನರತಂತುಗಳ ಮಯಲಿನ್ ಹೊದಿಕೆ ಸವೆಯುತ್ತದೆ. ಹೊದಿಕೆ ಸವೆದ ತಂತುಗಳ ನಡುವೆ ಸಂಕೇತಗಳು ಒಂದರಿಂದ ಇನ್ನೊಂದಕ್ಕೆ ಹಾರಿ, ಬರೀ ಸ್ಪರ್ಶವಾಗಬೇಕಿದ್ದದ್ದು ಸಿಡಿಲಾಗುತ್ತದೆ. ಟವೆಲ್ಲಿನ ಅಂಚು ಸಾಕಾಗುವುದು ಇದರಿಂದಲೇ. ಬಿಡುವಿನ ದಿನಗಳಲ್ಲಿಯೂ ಆ ರಕ್ತನಾಳ ಅಲ್ಲೇ ಇರುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಬಿಡುವು ಎಂದು ಶುರುವಾಗಿ ಎಂದು ಮುಗಿಯುತ್ತದೆ ಎಂದು ಮುಂಚಿತವಾಗಿ ಹೇಳುವ ಯಾವ ರಕ್ತಪರೀಕ್ಷೆಯೂ ಯಾವ ಸ್ಕ್ಯಾನೂ ಇಲ್ಲ.

ಈಗ ಮಾತ್ರೆಯ ವಿಚಾರ, ಏಕೆಂದರೆ ಎಚ್ಚರ ಬೇಕಾದದ್ದು ಇಲ್ಲಿಯೇ. ಈ ನೋವಿಗೆ ಸಾಮಾನ್ಯ ನೋವುನಿವಾರಕಗಳು ನಾಟುವುದಿಲ್ಲ. 1962ರಲ್ಲಿ ಮೊದಲ ಬಾರಿಗೆ ಇದಕ್ಕೆ ಬಳಸಿದ ಕಾರ್ಬಮಜೆಪಿನ್ ಮೂಲತಃ ಮೂರ್ಛೆರೋಗದ ಔಷಧಿ. ಇಂದಿಗೂ ಮೊದಲ ಆಯ್ಕೆ ಅದೇ. ಅದನ್ನು ಏಕಾಏಕಿ ನಿಲ್ಲಿಸಿದರೆ ನೋವು ಮತ್ತಷ್ಟು ಕೆರಳಬಹುದು, ಮೂರ್ಛೆಯ ಹಿನ್ನೆಲೆ ಇದ್ದವರಿಗೆ ಸೆಳೆತವೂ ಬರಬಹುದು. ಹಲವು ವಾರಗಳ ಕಾಲ ನೋವೇ ಇಲ್ಲದಿದ್ದರೆ, ವೈದ್ಯರೊಂದಿಗೆ ಮಾತನಾಡಿ, ಮೆಟ್ಟಿಲು ಇಳಿದಂತೆ ಪ್ರಮಾಣವನ್ನು ಇಳಿಸಬೇಕು. ನೋವು ಮರಳಿದ ಈ ಹೊತ್ತಿನಲ್ಲಿ ಬೀರುವಿನಲ್ಲಿರುವ ಹಳೆಯ ಸ್ಟ್ರಿಪ್‌ನಿಂದ ಹಳೆಯ ಪ್ರಮಾಣವನ್ನೇ ನುಂಗುವ ಆತುರವೂ ಬೇಡ. ಏಳು ತಿಂಗಳು ಮಾತ್ರೆ ಕಾಣದ ದೇಹಕ್ಕೆ ಆ ಪ್ರಮಾಣ ಹೆಚ್ಚಾಗಿ, ತೂಕಡಿಕೆ, ತಲೆಸುತ್ತು, ನಡಿಗೆಯಲ್ಲಿ ತೂರಾಟ ಕಾಣಿಸಿಕೊಂಡೀತು. ಕಡಿಮೆಯಿಂದ ಶುರು ಮಾಡಿ ಏರಿಸಬೇಕು. ಜೊತೆಗೆ ರಕ್ತದ ಸೋಡಿಯಂ ಪರೀಕ್ಷೆ ಬೇಕು. ಮೈಮೇಲೆ ದದ್ದು ಎದ್ದರೆ ಮಾತ್ರ ಮರುದಿನಕ್ಕೆ ಮುಂದೂಡದೆ ಕೂಡಲೇ ವೈದ್ಯರನ್ನು ಕಾಣಬೇಕು. ಏಷ್ಯಾ ಮೂಲದ ಕೆಲವರಲ್ಲಿರುವ ಒಂದು ಜೀನ್ ಈ ಔಷಧಿಯಿಂದ ಚರ್ಮಕ್ಕೆ ಗಂಭೀರ ಅಪಾಯ ತರುವುದರಿಂದ, ಶುರುವಿಗೆ ಮೊದಲೇ ಅದರ ಪರೀಕ್ಷೆ ಮಾಡಿಸುವ ಪದ್ಧತಿಯಿದೆ.

ಇನ್ನು ಮನೆಯವರ ಸಂಶಯ. ಅವರನ್ನೂ ಪೂರ್ತಿ ದೂರುವಂತಿಲ್ಲ: ನೋವು ಒಂದು ಕ್ಷಣದಿಂದ ಹೆಚ್ಚೆಂದರೆ ಎರಡು ನಿಮಿಷ, ನಡುವೆ ಮುಖ ಸಹಜವಾಗಿಯೇ ಇರುತ್ತದೆ, ರಾತ್ರಿ ನಿದ್ದೆಯಿಂದ ಎಬ್ಬಿಸುವುದೂ ಅಪರೂಪ. ಬ್ರಿಟಿಷ್ ವೈದ್ಯ ಜಾನ್ ಫಾದರ್ಗಿಲ್ 1773ರಲ್ಲಿ ಈ ನೋವನ್ನು ವಿವರಿಸಿದಾಗಲೇ, ಅದು ಕಾಲು ಅಥವಾ ಅರ್ಧ ನಿಮಿಷ ಇದ್ದು ಹೋಗಿ ಗೊತ್ತುಗುರಿಯಿಲ್ಲದೆ ಮರಳುತ್ತದೆ ಎಂದಿದ್ದರು. ನನ್ನ ಕೊಠಡಿಯಲ್ಲಿ ನಾನು ನೋಡುವುದು ಕೈಯನ್ನು. ಹಲ್ಲುನೋವಿನವರು ಅಂಗೈಯಿಂದ ಕೆನ್ನೆಯನ್ನು ಅದುಮಿ ಹಿಡಿಯುತ್ತಾರೆ. ಈ ನೋವಿನವರ ಬೆರಳು ಕೆನ್ನೆಯತ್ತ ಹೋಗಿ, ಒಂದು ಅಂಗುಲ ಇರುವಾಗಲೇ ಗಾಳಿಯಲ್ಲಿ ನಿಂತುಬಿಡುತ್ತದೆ. ಆ ಒಂದು ಅಂಗುಲವನ್ನು ಯಾರೂ ನಟಿಸಲಾರರು. ಮುಂದಿನ ಸಲ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ, ಈ ಮಾತನ್ನು ವೈದ್ಯರ ಬಾಯಿಂದಲೇ ಕೇಳಿಸಿ.

ಪ್ರಶ್ನೆ: ನನ್ನ ಪತ್ನಿಗೆ ಇದೇ ನೋವು. ಮೂರು ತಿಂಗಳಿಂದ ಬಿಡುವಿದೆ. ಮುಂದೆ ಬೇಕಾದರೆ ಶಸ್ತ್ರಚಿಕಿತ್ಸೆ ಮಾಡಬಹುದೆಂದು ವೈದ್ಯರು ಹೇಳಿದ್ದಾರೆ. ಚೆನ್ನಾಗಿರುವಾಗಲೇ ಮಾಡಿಸಿಬಿಡುವುದು ಒಳ್ಳೆಯದೇ, ಅಥವಾ ಕಾಯಬೇಕೇ?

ಉತ್ತರ: ನಿರ್ಧಾರವನ್ನು ಈಗ ಮಾಡಿ, ಶಸ್ತ್ರಚಿಕಿತ್ಸೆಯನ್ನು ನೋವು ಮರಳಿದ ಮೇಲೆ ಮಾಡಿಸಿ ಎಂಬುದು ನನ್ನ ಅಭಿಪ್ರಾಯ. ನೋವೇ ಇಲ್ಲದವರಿಗೆ ತಲೆಬುರುಡೆ ತೆರೆದರೆ ಅಪಾಯವೆಲ್ಲ ಇಂದಿನದು, ಲಾಭ ಮಾತ್ರ ಎಂದೋ ಬರಬಹುದಾದದ್ದು. ಗುಣವಾದದ್ದು ಶಸ್ತ್ರಚಿಕಿತ್ಸೆಯಿಂದಲೋ ಬಿಡುವಿನಿಂದಲೋ ಎಂಬುದೂ ತಿಳಿಯದು. ಆದರೆ ದಿನಕ್ಕೆ ಹತ್ತಾರು ಬಾರಿ ನೋವು ಹೊಡೆಯುತ್ತಿರುವಾಗ ಮನುಷ್ಯರು ಯಾವ ಕಾಗದಕ್ಕಾದರೂ ಸಹಿ ಹಾಕುತ್ತಾರೆ. ಆದ್ದರಿಂದ ಎಂ.ಆರ್.ಐ. ಆಗಿರದಿದ್ದರೆ ಈಗಲೇ ಮಾಡಿಸಿ, ನರಶಸ್ತ್ರಚಿಕಿತ್ಸಕರನ್ನು ಕಂಡು ಸಾವಧಾನವಾಗಿ ಕೇಳಿಕೊಂಡು ಬನ್ನಿ. ಕಿವಿಯ ಹಿಂದೆ ಸಣ್ಣ ಕಿಂಡಿ ತೆರೆದು, ನಾಳ ಮತ್ತು ನರದ ನಡುವೆ ಟೆಫ್ಲಾನ್ ತುಣುಕನ್ನು ಇಡುವ ವಿಧಾನದಲ್ಲಿ ಪರಿಹಾರ ಹೆಚ್ಚು ಕಾಲ ಬಾಳುತ್ತದೆ. 1996ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ ಹತ್ತು ವರ್ಷಗಳ ನಂತರವೂ ಸುಮಾರು ಶೇಕಡಾ 70 ಮಂದಿ ಮಾತ್ರೆಯಿಲ್ಲದೆ ನೋವುಮುಕ್ತರಾಗಿದ್ದರು. ಆ ಕಡೆಯ ಕಿವಿ ಮಂದವಾಗುವುದು, ಮುಖ ಮರಗಟ್ಟುವುದು, ಮಿದುಳು ದ್ರವ ಸೋರುವುದು, ಬಹಳ ವಿರಳವಾಗಿ ಪಾರ್ಶ್ವವಾಯು ಅದರ ಅಪಾಯಗಳು. ಗಾಮಾ ನೈಫ್ ವಿಕಿರಣದಲ್ಲಿ ತಲೆಯನ್ನು ತೆರೆಯಬೇಕಿಲ್ಲ, ಆದರೆ ಪರಿಣಾಮ ಕಾಣಲು ವಾರಗಳಿಂದ ತಿಂಗಳುಗಳೇ ಹಿಡಿಯುತ್ತವೆ. ಕೆನ್ನೆಯ ಮೂಲಕ ಸೂಜಿ ತೂರಿಸಿ ನರವನ್ನು ಬಿಸಿಯಿಂದಲೋ ಬಲೂನಿನಿಂದಲೋ ಮಂಕಾಗಿಸುವ ವಿಧಾನಗಳು ಬೇಗ ಕೆಲಸ ಮಾಡುತ್ತವೆ. ಮುಖ ಜೋಮು ಹಿಡಿಯುವುದೂ ನೋವು ಮರಳುವುದೂ ಅವುಗಳಲ್ಲಿ ಹೆಚ್ಚು. ಮಾತ್ರೆ ಸಾಲದಾದರೆ ಅಥವಾ ಮಾತ್ರೆಯ ತೂಕಡಿಕೆಯಲ್ಲೇ ದಿನ ಕಳೆಯುವಂತಾದರೆ ಯಾವುದನ್ನು ಆರಿಸುವುದೆಂದು ನಿಮ್ಮ ಪತ್ನಿಯೇ ಈಗ ಬರೆದಿಟ್ಟುಕೊಳ್ಳಲಿ.

ವಯಸ್ಸು 40ರ ಒಳಗಿದ್ದರೆ, ಮುಖದ ಎರಡೂ ಕಡೆ ನೋವಿದ್ದರೆ ಅಥವಾ ಕೆನ್ನೆ ಮರಗಟ್ಟಿದ್ದರೆ ಮಲ್ಟಿಪಲ್ ಸ್ಕ್ಲೆರೋಸಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ನರತಂತುಗಳ ಮಯಲಿನ್ ಹೊದಿಕೆಯನ್ನು ಹಾಳುಮಾಡುವ ಕಾಯಿಲೆ) ಅಥವಾ ಗಡ್ಡೆ ಕಾರಣವಾಗಿರಬಹುದಾದ್ದರಿಂದ ಆ ಎಂ.ಆರ್.ಐ.ಗೆ ಬಿಡುವನ್ನು ನೆಪ ಮಾಡಿ ತಡ ಮಾಡಬೇಡಿ.

ಪ್ರಶ್ನೆ: ನೋವು ಹೋಗಿ ಒಂದು ವರ್ಷವಾಯಿತು. ಆದರೂ ಎಡಗಡೆ ಹಲ್ಲುಜ್ಜಲು, ಅಗಿಯಲು ಧೈರ್ಯವಿಲ್ಲ. ಉಜ್ಜಿದರೆ ಮತ್ತೆ ಬಂದೀತೇ?

ಉತ್ತರ: ಉಜ್ಜುವುದು ಆ ಕ್ಷಣದ ನೋವನ್ನು ಕೆರಳಿಸಬಲ್ಲದು, ಕಾಯಿಲೆಯನ್ನು ಮರಳಿ ಕರೆತರಲಾರದು. ಉಜ್ಜದೆ ಬಿಟ್ಟರೆ ಮಾತ್ರ ಒಸಡು ಕೆಟ್ಟು ನಿಜವಾದ ಹಲ್ಲುನೋವು ಬರುತ್ತದೆ, ಎರಡರಲ್ಲಿ ಯಾವುದು ಯಾವುದೆಂದು ನಿಮಗೂ ನಮಗೂ ಗೊಂದಲವಾಗುತ್ತದೆ. ಬಾಕಿ ಉಳಿದ ಹಲ್ಲಿನ ಕೆಲಸವನ್ನೆಲ್ಲ ಈ ಬಿಡುವಿನಲ್ಲೇ ಮುಗಿಸಿಕೊಳ್ಳಿ. ದಂತವೈದ್ಯರಿಗೆ ಯಾವ ಕಡೆ, ಯಾವ ಜಾಗ ಎಂದು ಮೊದಲೇ ಹೇಳಿಬಿಡಿ. ಮುಂದೆ ನೋವಿನ ದಿನಗಳು ಬಂದರೆ ಒಂದು ಸಣ್ಣ ಉಪಾಯವಿದೆ: ಒಂದು ಹೊಡೆತ ಮುಗಿದ ಕೂಡಲೇ ನರ ಸ್ವಲ್ಪ ಹೊತ್ತು ಸ್ಪರ್ಶಕ್ಕೆ ಸ್ಪಂದಿಸುವುದಿಲ್ಲ, ಅನುಭವಸ್ಥರು ಆ ಸಂದಿಯಲ್ಲೇ ಮೃದುವಾದ ಬ್ರಷ್ಷಿನಿಂದ, ಉಗುರುಬೆಚ್ಚಗಿನ ನೀರಿನಲ್ಲಿ ಹಲ್ಲುಜ್ಜಿ ಮುಗಿಸುತ್ತಾರೆ. ಸದ್ಯಕ್ಕೆ ಅದೊಂದೂ ನಿಮಗೆ ಬೇಕಿಲ್ಲ. ಇವತ್ತಿನಿಂದ ಎಡಗಡೆಯಿಂದಲೂ ಅಗಿಯಿರಿ.