ಸಕ್ಕರ್ ಮೀನನ್ನು ಅಮಾನಿಕೆರೆಗೆ ಬಿಡಬಹುದಾ?

ಪ್ರಶ್ನೆ: ಮೂರು ವರ್ಷದ ಹಿಂದೆ ಅಂಗಡಿಯವರು ‘ಗಾಜಿನ ಪಾಚಿ ತಿನ್ನುತ್ತೆ, ತಗೊಳ್ಳಿ’ ಅಂತ ಬೆರಳುದ್ದದ ಸಕ್ಕರ್ ಮೀನು ಕೊಟ್ಟರು. ಈಗ ಅದು ಒಂದಡಿ ದಾಟಿದೆ. ಎರಡಡಿ ಟ್ಯಾಂಕಿನಲ್ಲಿ ತಿರುಗೋಕೂ ಜಾಗ ಇಲ್ಲ, ನೆಟ್ಟ ಗಿಡವನ್ನೆಲ್ಲ ಕಿತ್ತು ಹಾಕುತ್ತೆ. ಅಮಾನಿಕೆರೆಗೆ ಬಿಟ್ಟರೆ ಪುಣ್ಯ ಅಂತಾರೆ ನಮ್ಮತ್ತೆ. ಬಿಡಬಹುದಾ? (ಓದುಗರು, ತುಮಕೂರು)

ಉತ್ತರ: ಬಿಡಬೇಡಿ. ಅತ್ತೆಯವರಿಗೆ ನಾನೇ ಹೇಳಿದೆ ಅನ್ನಿ.

ಇದು ದಕ್ಷಿಣ ಅಮೆರಿಕದ ಅಮೆಜಾನ್, ಒರಿನೊಕೊ ಹೊಳೆಗಳ ಕಡೆಯ ಕ್ಯಾಟ್‌ಫಿಶ್. ಇದರ ನೆಂಟನೊಬ್ಬನಿಗೆ ಲಿನೇಯಸ್ 1758ರಲ್ಲೇ ಪ್ಲೆಕೋಸ್ಟೋಮಸ್ ಅಂತ ಹೆಸರಿಟ್ಟಿದ್ದರು. ಆದರೆ ಅಂಗಡಿಯಲ್ಲಿ ಸಿಗೋದು ಬಹುಪಾಲು ಟೆರಿಗೋಪ್ಲಿಕ್ತಿಸ್. ಬೆನ್ನಿನ ರೆಕ್ಕೆ ಬಿಚ್ಚಿದಾಗ ಕಡ್ಡಿಗಳನ್ನು ಎಣಿಸಿ ನೋಡಿ, ಹತ್ತಕ್ಕಿಂತ ಜಾಸ್ತಿ ಇದ್ದರೆ ಅದೇ. ಇನ್ನೊಂದು ತಮಾಷೆ: ರಾತ್ರಿ ಲೈಟ್ ಆರಿಸಿ ಸ್ವಲ್ಪ ಹೊತ್ತು ಬಿಟ್ಟು ಕಣ್ಣಿಗೆ ಟಾರ್ಚ್ ಹಿಡಿದರೆ, ಪಾಪೆಯ ಮೇಲೆ ಪುಟ್ಟ ಪರದೆ ಮೆಲ್ಲಗೆ ಇಳಿಯೋದು ಕಾಣುತ್ತೆ.

ನೀರಲ್ಲಿ ಆಮ್ಲಜನಕ ಕಮ್ಮಿಯಾದರೆ ಇದು ಮೇಲೆ ಬಂದು ಗಾಳಿ ನುಂಗುತ್ತದೆ, ಹೊಟ್ಟೆಯ ತೆಳ್ಳನೆ ಗೋಡೆಯಲ್ಲೇ ಉಸಿರಾಡುತ್ತದೆ. ಹಾಗಾಗಿ ಬೇರೆ ಮೀನು ಸಾಯುವ ಕೊಳಚೆಯಲ್ಲೂ ಇದು ಬದುಕುತ್ತೆ. ಮೈತುಂಬ ಗಟ್ಟಿ ಚಿಪ್ಪು, ಮುಳ್ಳು, ಕೊಕ್ಕರೆಗೂ ನುಂಗೋದು ಕಷ್ಟ. ಇದಕ್ಕಿಂತ ದೊಡ್ಡ ತಲೆನೋವು ಬಿಲ. ಗಂಡು ಮೀನು ದಡದ ಮಣ್ಣಲ್ಲಿ ಒಂದು ಮೀಟರಿನಷ್ಟು ಆಳಕ್ಕೆ ಕೊರೆಯುತ್ತೆ, ಹೆಣ್ಣು ಅದರಲ್ಲಿ ನೂರಾರು ಮೊಟ್ಟೆ ಇಡುತ್ತೆ, ಗಂಡು ಒಳಗೇ ಕೂತು ಕಾಯುತ್ತೆ. ಬೇಸಿಗೆಯಲ್ಲಿ ನೀರು ಇಳಿದರೂ ಒದ್ದೆ ಬಿಲದೊಳಗೆ ದಿನ ಕಳೆಯುತ್ತೆ. ನಮ್ಮ ಕೆರೆಗಳ ಏರಿ ಮಣ್ಣಿನದು ಅಲ್ವಾ? ಅದಕ್ಕೆ ಇಂಥವು ನೂರಾರು ತೂತು ಕೊರೆದರೆ ಗತಿ ಏನು? ಒಂದು ಕೆರೆ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹರಿಯುತ್ತೆ, ಮೀನೂ ಜೊತೆಗೆ ಹೊರಡುತ್ತೆ. ಕೇರಳದಲ್ಲಿ, ಕೋಲ್ಕತ್ತಾದ ಪೂರ್ವದ ಜೌಗಿನಲ್ಲಿ ಇದು ಆಗಲೇ ಬೇರೂರಿದೆ. ಅಲ್ಲಿಗೆ ಅದು ಅಮೆಜಾನಿನಿಂದ ಈಜಿಕೊಂಡು ಬಂದಿಲ್ಲ, ನಮ್ಮಂಥವರ ಕೈಯಿಂದಲೇ ಹೋದದ್ದು.

ಮತ್ತೇನು ಮಾಡೋದು? ಮೊದಲು ಅಂಗಡಿಯವರನ್ನೇ ಕೇಳಿ, ಕೆಲವರು ವಾಪಸ್ ತಗೊಳ್ಳುತ್ತಾರೆ. ಇಲ್ಲವಾದರೆ ದೊಡ್ಡ ಸಿಮೆಂಟ್ ತೊಟ್ಟಿ ಇರುವ ಮೀನು ಸಾಕುವವರಿಗೆ ಕೊಡಿ. ಅಲ್ಲಿಯವರೆಗೆ ಒಂದು ತುಂಡು ಮರ ಹಾಕಿ, ಅದನ್ನು ಕೆರೆದು ತಿನ್ನುತ್ತೆ, ರಾತ್ರಿ ಸೋರೆಕಾಯಿಯ ಹೋಳೋ ಸೌತೆಕಾಯಿಯೋ ಬಿಡಿ. ಟ್ಯಾಂಕ್ ಕ್ಲೀನ್ ಮಾಡುತ್ತೆ ಅನ್ನೋದು ಅರ್ಧ ಸತ್ಯ. ಪಾಚಿ ತಿನ್ನುತ್ತೆ ನಿಜ, ಆದರೆ ಅದು ಹಾಕುವ ಹಿಕ್ಕೆ ತಿಂದ ಪಾಚಿಗಿಂತ ಜಾಸ್ತಿ ಅನ್ನಿಸುತ್ತೆ! ಹಿಡಿಯುವಾಗ ಬಲೆ ಬೇಡ, ರೆಕ್ಕೆಯ ಮುಳ್ಳು ದಾರಕ್ಕೆ ಸಿಕ್ಕಿಕೊಂಡರೆ ಬಿಡಿಸೋಕೆ ಅರ್ಧ ಗಂಟೆ. ಬಕೆಟ್‌ನಲ್ಲಿ ನೀರಿನ ಸಮೇತ ಎತ್ತಿ.

ಪ್ರಶ್ನೆ: ನಮ್ಮೂರ ಕೆರೆಯಲ್ಲಿ ಬಲೆಗೆ ಅಂಥದ್ದೇ ಮುಳ್ಳು ಮೀನು ಬಿತ್ತು. ತಿನ್ನಬಹುದಾ? (ಓದುಗರು, ಮುಳಬಾಗಿಲು)

ಉತ್ತರ: ವಿಷವಲ್ಲ. ಅಮೆಜಾನ್ ದಡದ ಜನ ಚಿಪ್ಪಿನ ಸಮೇತ ಕೆಂಡದಲ್ಲಿ ಸುಟ್ಟು ತಿನ್ನುತ್ತಾರೆ. ಆದರೆ ಇದು ತಳದ ಕೆಸರು ಮೇಯುವ ಮೀನು, ಊರ ಚರಂಡಿ ನೀರು ಸೇರುವ ಕೆರೆಯದ್ದಾದರೆ ನಾನಂತೂ ಮುಟ್ಟಲ್ಲ. ತಿನ್ನದಿದ್ದರೂ ವಾಪಸ್ ನೀರಿಗೆ ಎಸೆಯಬೇಡಿ. ದಡದ ಮೇಲೆ ಬಿಟ್ಟು ಸತ್ತಿತು ಅಂದುಕೊಳ್ಳಲೂಬೇಡಿ, ಗಂಟೆಗಟ್ಟಲೆ ಜೀವ ಹಿಡಿದಿರುತ್ತೆ.