ಗಾಯಕರು ಬದಲಾದರೂ ಐರನ್ ಮೇಡನ್ ಹೇಗೆ ಉಳಿಯಿತು?

ಪ್ರಶ್ನೆ ಕೇಳಿದವರು ಈಗಷ್ಟೇ ಇಂಗ್ಲೆಂಡಿನ ಹೆವಿ ಮೆಟಲ್ (ಜೋರು ಗಿಟಾರಿನ ರಾಕ್) ಬ್ಯಾಂಡ್ ಐರನ್ ಮೇಡನ್ ಕೇಳಲು ಶುರು ಮಾಡಿದ್ದಾರಂತೆ. ಮೊದಲ ಎರಡು ಆಲ್ಬಮ್‌ಗಳಲ್ಲಿ ಒಬ್ಬ ಗಾಯಕ, ಮೂರನೆಯದರಿಂದ ಇನ್ನೊಬ್ಬ, ತೊಂಬತ್ತರ ದಶಕದಲ್ಲಿ ಮತ್ತೊಬ್ಬ. "ಶುರುವಿನಲ್ಲಿ ಇವರ ಕಥೆ ಏನು? ಇಷ್ಟು ಸಲ ಜನ ಬದಲಾದರೆ ಬ್ಯಾಂಡ್ ಮುಗಿದೇ ಹೋಗಬೇಕಿತ್ತಲ್ವಾ?" ಅಂತ ಕೇಳಿದ್ದಾರೆ.

ಒಳ್ಳೆಯ ಪ್ರಶ್ನೆ. ಎಷ್ಟೋ ಬ್ಯಾಂಡ್‌ಗಳು ಗಾಯಕ ಹೋದ ದಿನವೇ ಮುಗಿದಿವೆ. ಮೇಡನ್ ಮುಗಿಯಲಿಲ್ಲ. ಅದಕ್ಕೆ ಕಾರಣ 1975ರಿಂದ 1979ರವರೆಗಿನ ನಾಲ್ಕು ವರ್ಷಗಳಲ್ಲಿದೆ ಅಂತ ನನ್ನ ನಂಬಿಕೆ. ಆಗ ಅವರ ಕೈಯಲ್ಲಿ ಒಂದು ರೆಕಾರ್ಡ್ ಕೂಡ ಇರಲಿಲ್ಲ. ಹಾಗಾಗಿ ಆ ಭಾಗವನ್ನೇ ಜಾಸ್ತಿ ಹೇಳುತ್ತೇನೆ.

ಸ್ಟೀವ್ ಹ್ಯಾರಿಸ್ ಪೂರ್ವ ಲಂಡನ್ನಿನ ಹುಡುಗ. ಫುಟ್‌ಬಾಲ್ ಚೆನ್ನಾಗಿ ಆಡುತ್ತಿದ್ದ, ವೆಸ್ಟ್ ಹ್ಯಾಮ್ ಕ್ಲಬ್ಬಿನ ಕಣ್ಣಿಗೂ ಬಿದ್ದಿದ್ದ. ಆದರೆ ತಗ್ಗು ಸ್ವರದ ಬೇಸ್ ಗಿಟಾರ್ ಹಿಡಿದ. ಮೊದಲು ಸ್ಮೈಲರ್ ಅನ್ನುವ ಬ್ಯಾಂಡಿನಲ್ಲಿದ್ದ. ಅಲ್ಲಿದ್ದವರೆಲ್ಲ ಇವನಿಗಿಂತ ದೊಡ್ಡವರು. ಇವನು ಬರೆದು ತಂದ ಹಾಡುಗಳಲ್ಲಿ ಲಯ ಪದೇ ಪದೇ ಬದಲಾಗುತ್ತದೆ, ಇದು ನಮಗೆ ಬೇಡ ಅಂದರು. ಇವನು ಹೊರಗೆ ಬಂದು 1975ರ ಕ್ರಿಸ್‌ಮಸ್ ದಿನ ತನ್ನದೇ ಬ್ಯಾಂಡ್ ಕಟ್ಟಿದ. ಹಳೇ ಕಾಲದ್ದು ಅಂತ ಹೇಳುವ ಒಂದು ಚಿತ್ರಹಿಂಸೆಯ ಪೆಟ್ಟಿಗೆಯ ಹೆಸರನ್ನು ಅದಕ್ಕಿಟ್ಟ. ಆಗ ಅವನಿಗೆ 19 ವರ್ಷ. ಅವತ್ತು ಜೊತೆಗಿದ್ದ ಉಳಿದವರೆಲ್ಲ ಬಿಟ್ಟು ಹೋದರು. ಇವನೊಬ್ಬ ಇವತ್ತಿಗೂ ಇದ್ದಾನೆ.

ಶುರುವಿನಲ್ಲಿ ಅವರಿಗೆ ನೆಲೆ ಕೊಟ್ಟದ್ದು ಸ್ಟ್ರಾಟ್‌ಫರ್ಡ್‌ನ ಕಾರ್ಟ್ ಅಂಡ್ ಹಾರ್ಸಸ್ ಅನ್ನುವ ಪಬ್. 2025ರ ಜೂನ್‌ನಲ್ಲಿ ಐವತ್ತನೇ ವರ್ಷದ ಪ್ರವಾಸದಲ್ಲಿ ಅವರು ನುಡಿಸಿದ ಲಂಡನ್ ಸ್ಟೇಡಿಯಂ ಕೂಡ ಅದೇ ಸ್ಟ್ರಾಟ್‌ಫರ್ಡ್‌ನಲ್ಲಿದೆ. ಅದು ಈಗ ವೆಸ್ಟ್ ಹ್ಯಾಮ್ ತಂಡದ ಮೈದಾನ.

ಪಬ್‌ನ ದಿನಗಳಲ್ಲಿ ಬ್ಯಾಂಡ್ ನಿಂತ ಕಡೆ ನಿಲ್ಲಲಿಲ್ಲ. ಮೊದಲ ಗಾಯಕ ಪಾಲ್ ಡೇ ವೇದಿಕೆಯ ಮೇಲೆ ಜನರನ್ನು ಹಿಡಿದಿಡುತ್ತಿಲ್ಲ ಅಂತ ಅವನನ್ನು ತೆಗೆದರು. ಎರಡನೆಯವನು ಡೆನಿಸ್ ವಿಲ್ಕಾಕ್. ಮುಖಕ್ಕೆ ಬಣ್ಣ ಬಳಿದುಕೊಂಡು, ಬಾಯಿಗೆ ಕತ್ತಿ ಎಳೆದುಕೊಂಡು ನಕಲಿ ರಕ್ತ ಸುರಿಸುತ್ತಿದ್ದ. ಅವನ ಮಾತು ಕೇಳಿ ಹ್ಯಾರಿಸ್ 1977ರಲ್ಲಿ ಗಿಟಾರಿಸ್ಟ್ ಡೇವ್ ಮರೆಯನ್ನೂ ಹೊರಗೆ ಹಾಕಿದ. ಡೇವ್ ತನ್ನ ಗೆಳೆಯ ಏಡ್ರಿಯನ್ ಸ್ಮಿತ್‌ನ ಅರ್ಚಿನ್ ಬ್ಯಾಂಡಿಗೆ ಹೋಗಿ ಸೇರಿದ. ಮುಂದೆ ವಿಲ್ಕಾಕ್ ಬಿಟ್ಟು ಹೋದ ಮೇಲೆ ಹ್ಯಾರಿಸ್ ಡೇವ್‌ನನ್ನು ವಾಪಸ್ ಕರೆದ. ಅಲ್ಲಿಂದ ಇವತ್ತಿನವರೆಗೆ ಡೇವ್ ಇವನ ಪಕ್ಕದಲ್ಲೇ ನಿಂತಿದ್ದಾನೆ. ಕೀಬೋರ್ಡ್ ಒಂದನ್ನು ಸೇರಿಸಿ ನೋಡಿದರು, ಅದೂ ಹೊಂದಲಿಲ್ಲ.

ಇದೇ ಹೊತ್ತಿಗೆ ಇಂಗ್ಲೆಂಡಿನಲ್ಲಿ ಪಂಕ್ ಅನ್ನುವ ಒರಟು, ಸರಳ ರಾಕ್ ಸಂಗೀತದ ಅಲೆ. ರೆಕಾರ್ಡ್ ಕಂಪನಿಗಳಿಗೆ ಬೇಕಾಗಿದ್ದು ಮೂರೇ ಕಾರ್ಡ್ (ಗಿಟಾರಿನ ಸ್ವರಗುಚ್ಛ) ಇರುವ ಚಿಕ್ಕ ಹಾಡು. ಉದ್ದ ಕೂದಲು, ಜೋಡಿ ಗಿಟಾರ್, ಏಳು ನಿಮಿಷದ ಹಾಡು ಯಾರಿಗೂ ಬೇಡ. ಕೂದಲು ಕತ್ತರಿಸಿಕೊಂಡು ಪಂಕ್ ನುಡಿಸಿದರೆ ನೋಡೋಣ ಅಂದವರಿದ್ದರು. ಹ್ಯಾರಿಸ್ ಒಪ್ಪಲಿಲ್ಲ. ನಕ್ಷೆ ಬರೆಯುವ ಅವನ ಡ್ರಾಫ್ಟ್ಸ್‌ಮನ್ ಕೆಲಸ ಹೋಗಿತ್ತು, ಬೀದಿ ಗುಡಿಸುವ ಕೆಲಸಕ್ಕೆ ಸೇರಿದ್ದ. ಆದರೂ ಸಂಗೀತ ಬದಲಿಸಲಿಲ್ಲ. ನನಗೆ ಈ ಮನುಷ್ಯನ ಮೇಲೆ ಗೌರವ ಹುಟ್ಟುವುದು ಇಲ್ಲಿ. ಆ ಹೊತ್ತಿನಲ್ಲಿ ಒಪ್ಪಿಕೊಂಡಿದ್ದರೆ ಯಾರೂ ಅವನನ್ನು ಬೈಯುತ್ತಿರಲಿಲ್ಲ.

1978ರ ಕೊನೆಗೆ ಹೊಸ ಗಾಯಕ ಸಿಕ್ಕ. ಪಾಲ್ ಡಿಯಾನೊ. ಚಿಕ್ಕ ಕೂದಲು, ಒರಟು ಗಂಟಲು, ನೋಡಲು ಪಂಕ್ ಹುಡುಗನ ಹಾಗೆಯೇ. ಹ್ಯಾರಿಸ್‌ನ ಸಿಕ್ಕುಸಿಕ್ಕಾದ ಹಾಡುಗಳಿಗೆ ಬೀದಿಯ ಧೈರ್ಯ ತಂದದ್ದು ಅವನ ದನಿ. ಆ ವರ್ಷದ ಕೊನೆಯ ದಿನ ಕೇಂಬ್ರಿಡ್ಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೊಗೆ ಹೋಗಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮಾಸ್ಟರ್ ಟೇಪ್ (ಮೂಲ ರೆಕಾರ್ಡಿಂಗ್) ಕೊಳ್ಳಲು ಕೈಯಲ್ಲಿ ದುಡ್ಡಿರಲಿಲ್ಲ. ದುಡ್ಡು ಹೊಂದಿಸಿಕೊಂಡು ವಾಪಸ್ ಹೋಗುವಷ್ಟರಲ್ಲಿ ಸ್ಟುಡಿಯೊದವರು ಟೇಪ್ ಅಳಿಸಿಬಿಟ್ಟಿದ್ದರು. ಇನ್ನೊಮ್ಮೆ ಮಿಕ್ಸ್ ಮಾಡುವ ಅವಕಾಶವೇ ಹೋಯಿತು. ಉಳಿದದ್ದು ಅವತ್ತು ಮನೆಗೆ ತಂದಿದ್ದ ಪ್ರತಿ ಮಾತ್ರ.

ಆ ಪ್ರತಿಯೇ ಬ್ಯಾಂಡಿನ ಬದುಕು ಬದಲಿಸಿತು. ಲಂಡನ್ನಿನ ಕಿಂಗ್ಸ್‌ಬರಿಯಲ್ಲಿ ನೀಲ್ ಕೇ ಅನ್ನುವ ಡಿಜೆ ಒಬ್ಬರು ಹೆವಿ ಮೆಟಲ್‌ಗೆಂದೇ ಸೌಂಡ್‌ಹೌಸ್ ಅನ್ನುವ ಡಿಸ್ಕೊ ನಡೆಸುತ್ತಿದ್ದರು. ಹಲಗೆಯಲ್ಲಿ ಕೊಯ್ದು ಮಾಡಿದ ಗಿಟಾರ್ ಹಿಡಿದು ಕುಣಿಯುವ ಅಭಿಮಾನಿಗಳು ಅಲ್ಲಿಗೆ ಬರುತ್ತಿದ್ದರು. ಜನ ಯಾವ ಹಾಡು ಜಾಸ್ತಿ ಕೇಳುತ್ತಾರೆ ಅನ್ನುವ ಪಟ್ಟಿ ಸೌಂಡ್ಸ್ ಅನ್ನುವ ಸಂಗೀತ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. 1979ರಲ್ಲಿ ಮೇಡನ್‌ನ 'ಪ್ರೌಲರ್' ಆ ಪಟ್ಟಿಯ ತುದಿಗೇರಿತು. ದೊಡ್ಡ ದೊಡ್ಡ ಬ್ಯಾಂಡ್‌ಗಳ ನಡುವೆ, ರೆಕಾರ್ಡೇ ಇಲ್ಲದ ಬ್ಯಾಂಡಿನ ಡೆಮೊ ಟೇಪ್! ಬ್ರಿಟಿಷ್ ಹೆವಿ ಮೆಟಲ್‌ನ ಹೊಸ ಅಲೆ ಅನ್ನುವ ಮಾತು ಚಲಾವಣೆಗೆ ಬಂದದ್ದೂ ಅದೇ ವರ್ಷ, ಅದೇ ಪತ್ರಿಕೆಯಿಂದ.

ಟೇಪ್ ಕೈಯಿಂದ ಕೈಗೆ ಹೋಗಿ ರಾಡ್ ಸ್ಮಾಲ್‌ವುಡ್‌ಗೆ ಸಿಕ್ಕಿತು. ಮ್ಯಾನೇಜರ್ ಕೆಲಸ ಸಾಕಾಗಿ ಬಿಡಬೇಕು ಅಂತಿದ್ದ ಮನುಷ್ಯ ಆತ. ಸ್ವಾನ್ ಅನ್ನುವ ಪಬ್‌ನಲ್ಲಿ ಇವರನ್ನು ನೋಡಲು ಬಂದ. ಅವತ್ತೇ ಡಿಯಾನೊ ಜೇಬಿನಲ್ಲಿ ಚಾಕು ಇಟ್ಟುಕೊಂಡಿದ್ದಕ್ಕೆ ಪೊಲೀಸರ ಕೈಗೆ ಸಿಕ್ಕಿಬಿದ್ದ. ಆದರೂ ಸಂಗೀತ ಕಚೇರಿ ನಿಲ್ಲಿಸಲಿಲ್ಲ. ಹ್ಯಾರಿಸ್ ತಾನೇ ಬೇಸ್ ನುಡಿಸುತ್ತಾ ಹಾಡಿದ. ಗಾಯಕನೇ ಇಲ್ಲದ ಬ್ಯಾಂಡ್ ನೋಡಿ ಸ್ಮಾಲ್‌ವುಡ್ ಇವರನ್ನು ಒಪ್ಪಿಕೊಂಡ. ನಿಮ್ಮ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ನನಗೆ ಗೊತ್ತಿಲ್ಲ. ಇವತ್ತಿಗೂ ಅವರ ಮ್ಯಾನೇಜರ್ ಆತನೇ.

1979ರ ನವೆಂಬರ್‌ನಲ್ಲಿ ಆ ಟೇಪಿನ ಮೂರು ಹಾಡುಗಳನ್ನು ತಾವೇ 5000 ಪ್ರತಿ ಒತ್ತಿಸಿ ಅಂಚೆಯಲ್ಲಿ ಮಾರಿದರು. ಕೆಲವೇ ವಾರಗಳಲ್ಲಿ ಎಲ್ಲ ಖಾಲಿ. ಡಿಸೆಂಬರ್‌ನಲ್ಲಿ ಇಎಂಐ ಅನ್ನುವ ದೊಡ್ಡ ರೆಕಾರ್ಡ್ ಕಂಪನಿಯ ಜೊತೆ ಒಪ್ಪಂದ ಆಯಿತು. 1980ರ ಏಪ್ರಿಲ್‌ನಲ್ಲಿ ಮೊದಲ ಆಲ್ಬಮ್ ಬಂದು ಬ್ರಿಟನ್ನಿನಲ್ಲಿ 4ನೇ ಸ್ಥಾನಕ್ಕೆ ಹೋಯಿತು. ರೇಡಿಯೊದಲ್ಲಿ ಇವರ ಹಾಡು ಬರುತ್ತಿದ್ದುದು ಅಪರೂಪ. ಕೊಂಡವರಲ್ಲಿ ಬಹಳ ಜನ ಪಬ್‌ಗಳಲ್ಲಿ ಇವರನ್ನು ನೋಡಿದವರು, ಅವರ ಗೆಳೆಯರು. ಕವರ್ ಮೇಲೆ ಡೆರೆಕ್ ರಿಗ್ಸ್ ಬಿಡಿಸಿದ ಎಡ್ಡಿ ಅನ್ನುವ ಭೂತ. ಬ್ಯಾಂಡಿನವರ ಮುಖ ಬದಲಾಗುತ್ತಾ ಹೋದರೂ ಕವರ್ ಮೇಲಿನ ಮುಖ ಬದಲಾಗಲಿಲ್ಲ. 

ಇಲ್ಲಿ ಬೇಸ್ ಬಗ್ಗೆ ಸ್ವಲ್ಪ ಹೇಳಲೇಬೇಕು. ನಾನೂ ಬೇಸ್ ನುಡಿಸುತ್ತೇನೆ, ಹಾಗಾಗಿ ಇದು ನನಗೆ ತುಂಬಾ ಹತ್ತಿರದ ವಿಷಯ. ಹ್ಯಾರಿಸ್ ಪಿಕ್ (ತಂತಿ ಮೀಟುವ ಬಿಲ್ಲೆ) ಹಿಡಿಯುವುದಿಲ್ಲ, ಬೆರಳಲ್ಲೇ ನುಡಿಸುತ್ತಾನೆ. ತಂತಿ ಗಿಟಾರಿನ ಕುತ್ತಿಗೆಯ ಮೇಲಿನ ಲೋಹದ ಪಟ್ಟಿಗಳಿಗೆ (ಫ್ರೆಟ್) ಬಡಿಯುವ ಟಕಟಕ ಸದ್ದು ರೆಕಾರ್ಡಿನಲ್ಲೂ ಕೇಳುತ್ತದೆ. ಕುದುರೆ ಓಟದ ಹಾಗಿನ ಅವನ ಲಯವನ್ನು ಬಾಯಲ್ಲಿ ಹೇಳಿ ನೋಡಿ: ತಾ-ಕಿಟ, ತಾ-ಕಿಟ, ತಾ-ಕಿಟ. ಒಂದು ಉದ್ದ, ಎರಡು ಗಿಡ್ಡ. ಬೇರೆ ಬ್ಯಾಂಡ್‌ಗಳಲ್ಲಿ ಬೇಸ್ ಗಿಟಾರಿನ ನೆರಳಲ್ಲಿ ಇರುತ್ತದೆ. ಇಲ್ಲಿ ಹಾಡನ್ನು ಎಳೆದುಕೊಂಡು ಹೋಗುವುದೇ ಬೇಸ್. ಅದರ ಮೇಲೆ ಎರಡು ಗಿಟಾರ್ ಜೊತೆಜೊತೆಯಾಗಿ ಒಂದೇ ರಾಗವನ್ನು ಬೇರೆ ಬೇರೆ ಸ್ವರದಲ್ಲಿ ನುಡಿಸುತ್ತವೆ. ಗಾಯಕ ಯಾರೇ ಇರಲಿ, ಎರಡು ಸಾಲು ಕೇಳಿದರೆ ಸಾಕು, ಇದು ಮೇಡನ್ ಅಂತ ಗೊತ್ತಾಗಿಬಿಡುತ್ತದೆ.

ಮುಂದಿನ ಭಾಗ ಬಹಳ ಜನರಿಗೆ ಗೊತ್ತಿರುವುದೇ. ಏಡ್ರಿಯನ್ ಸ್ಮಿತ್ ಬಂದು ಸೇರಿದ. 1981ರಲ್ಲಿ ಎರಡನೇ ಆಲ್ಬಮ್ 'ಕಿಲ್ಲರ್ಸ್' ಬಂತು, ನಿರ್ಮಾಣ ಮಾರ್ಟಿನ್ ಬರ್ಚ್. ಆದರೆ ಡಿಯಾನೊ ಕುಡಿತ, ಕೊಕೇನ್‌ಗಳಲ್ಲಿ ಸಿಕ್ಕಿಕೊಂಡಿದ್ದ. ಪ್ರವಾಸಗಳು ಉದ್ದವಾದಂತೆ ಅವನ ಕೈಲಿ ಆಗುತ್ತಿರಲಿಲ್ಲ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅವನನ್ನು ಕೈಬಿಟ್ಟು ಸ್ಯಾಮ್ಸನ್ ಬ್ಯಾಂಡಿನಿಂದ ಬ್ರೂಸ್ ಡಿಕಿನ್ಸನ್‌ನನ್ನು ಕರೆತಂದರು. 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಹಳೇ ಒಪ್ಪಂದದ ತಕರಾರಿನಿಂದ ಅದರ ಒಂದು ಹಾಡಿಗೂ ಬ್ರೂಸ್ ತನ್ನ ಹೆಸರು ಹಾಕಿಕೊಳ್ಳಲು ಆಗಲಿಲ್ಲ. ಅಮೆರಿಕದಲ್ಲಿ ಇವರು ಸೈತಾನನ ಭಕ್ತರು ಅಂತ ಗದ್ದಲ ಎದ್ದಿತು, ರೆಕಾರ್ಡ್ ಸುಟ್ಟರು. ಆ ಗದ್ದಲದಿಂದ ಇವರ ಹೆಸರು ಇನ್ನಷ್ಟು ಹರಡಿತು.

ಡಿಯಾನೊ ಸುಮ್ನೆ ಒಂದು ಮೆಟ್ಟಿಲಾಗಿದ್ದ ಅಂತ ಕೆಲವರು ಬರೆಯುತ್ತಾರೆ. ನನಗೆ ಅದು ಬೇಸರ ತರಿಸುತ್ತದೆ. ಆ ಎರಡು ಆಲ್ಬಮ್‌ಗಳ ಬಿಸಿ ಮತ್ತೆ ಯಾವುದರಲ್ಲೂ ಬರಲಿಲ್ಲ. ಕೊನೆಯ ವರ್ಷಗಳಲ್ಲಿ ಅವನು ಗಾಲಿಕುರ್ಚಿಯಲ್ಲಿ ಕೂತು ಹಾಡಿದ, ಚಿಕಿತ್ಸೆಗೆ ಅಭಿಮಾನಿಗಳೇ ದುಡ್ಡು ಕೂಡಿಸಿದರು. 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡ. ಮೊದಲ ಮೂರು ಆಲ್ಬಮ್‌ಗಳ ಡ್ರಮ್ಮರ್ ಕ್ಲೈವ್ ಬರ್‌ಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಅನ್ನುವ ನರರೋಗ ಬಂದಾಗ ಮೇಡನ್ ಅವನಿಗಾಗಿ ಕಚೇರಿ ನಡೆಸಿ ಹಣ ಎತ್ತಿತು. ಅವನು 2013ರಲ್ಲಿ ತೀರಿಕೊಂಡ.

ಎಂಬತ್ತರ ದಶಕ ಪೂರ್ತಿ ಏರುಗತಿ. ಬರ್ ಜಾಗಕ್ಕೆ ನಿಕೊ ಮ್ಯಾಕ್‌ಬ್ರೇನ್ ಬಂದ. 1984-85ರ ಒಂದೇ ಪ್ರವಾಸದಲ್ಲಿ 180ಕ್ಕೂ ಹೆಚ್ಚು ಕಚೇರಿ. ಪೋಲೆಂಡಿನಲ್ಲಿ ಶುರುವಾದ ಆ ಪ್ರವಾಸ ಹನ್ನೊಂದು ತಿಂಗಳು ನಡೆಯಿತು. ಅದು ಮುಗಿಯುವ ಹೊತ್ತಿಗೆ ಬ್ರೂಸ್ ಒಳಗಿಂದಲೇ ಬಸವಳಿದಿದ್ದ. ಮುಂದಿನ ಆಲ್ಬಮ್‌ಗೆ ಅವನು ತಂದ ಮೆದು ಹಾಡುಗಳನ್ನು ಉಳಿದವರು ಬೇಡ ಅಂದರು. ಬಿರುಕು ಅಲ್ಲಿಂದಲೇ ಶುರುವಾಯಿತು ಅನ್ನಿಸುತ್ತದೆ ನನಗೆ. 1990ರಲ್ಲಿ ಏಡ್ರಿಯನ್ ಹೋದ, 1993ರಲ್ಲಿ ಬ್ರೂಸ್ ಹೋದ.

ಆಮೇಲೆ ಬಂದವನು ಬ್ಲೇಜ್ ಬೇಲಿ. ಅವನ ದನಿ ತಗ್ಗಿನದು. ಬ್ರೂಸ್ ತಾರಸ್ಥಾಯಿಯಲ್ಲಿ ಹಾಡಿದ್ದ ಹಾಡುಗಳನ್ನು ಅದೇ ಎತ್ತರದಲ್ಲಿ ರಾತ್ರಿ ರಾತ್ರಿ ಹಾಡಬೇಕಾಯಿತು. ಗಂಟಲು ಕೈಕೊಟ್ಟು ಕಚೇರಿಗಳು ರದ್ದಾದವು. ಅಮೆರಿಕದಲ್ಲಿ ದೊಡ್ಡ ಕ್ರೀಡಾಂಗಣ ತುಂಬಿಸುತ್ತಿದ್ದವರು ಕ್ಲಬ್ಬುಗಳಿಗೆ ಇಳಿದರು. 1995ರ 'ದಿ ಎಕ್ಸ್ ಫ್ಯಾಕ್ಟರ್' ಬ್ರಿಟನ್ನಿನಲ್ಲಿ 8ನೇ ಸ್ಥಾನ ಕಂಡರೆ 1998ರ 'ವರ್ಚುವಲ್ ಇಲೆವೆನ್' 16ಕ್ಕೆ ನಿಂತಿತು. ಕಾಲವೂ ಇವರ ಕಡೆ ಇರಲಿಲ್ಲ, ಎಲ್ಲೆಲ್ಲೂ ಗ್ರಂಜ್ ಅನ್ನುವ ಬೇರೆ ಬಗೆಯ ರಾಕ್. ಆಗಲೂ ಹ್ಯಾರಿಸ್ 1977ರಲ್ಲಿ ಮಾಡಿದ್ದನ್ನೇ ಮಾಡಿದ. ಕಾಲಕ್ಕೆ ತಕ್ಕಂತೆ ಸದ್ದು ಬದಲಿಸಲಿಲ್ಲ. ಇನ್ನೂ ಉದ್ದದ, ಇನ್ನೂ ಕತ್ತಲೆಯ ಹಾಡು ಬರೆದ. ಪಬ್‌ನಲ್ಲಿ ನುಡಿಸಿ ಬೆಳೆದವರಿಗೆ ಚಿಕ್ಕ ಜಾಗ ಹೊಸದಲ್ಲ. ಟಿವಿಯಿಂದ ಬಂದ ಅಭಿಮಾನಿ ಟಿವಿ ತೋರಿಸುವುದು ನಿಲ್ಲಿಸಿದಾಗ ಹೋಗುತ್ತಾನೆ. ಅಂಚೆಯಲ್ಲಿ ರೆಕಾರ್ಡ್ ತರಿಸಿಕೊಂಡವನು ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಬ್ಲೇಜ್ ಮೇಲೆ ಎಲ್ಲ ತಪ್ಪು ಹೊರಿಸುವುದನ್ನು ನಾನು ಒಪ್ಪುವುದಿಲ್ಲ. ಅವನ ಕಾಲದ 'ಸೈನ್ ಆಫ್ ದಿ ಕ್ರಾಸ್', 'ದಿ ಕ್ಲಾನ್ಸ್‌ಮನ್' ಹಾಡುಗಳನ್ನು ಬ್ರೂಸ್ ವಾಪಸ್ ಬಂದ ಮೇಲೂ ಹಾಡಿದ. ಹಾಡಲು ಯೋಗ್ಯವಲ್ಲದಿದ್ದರೆ ಹಾಡುತ್ತಿದ್ದನೇ?

1999ರಲ್ಲಿ ಬ್ರೂಸ್, ಏಡ್ರಿಯನ್ ಇಬ್ಬರೂ ಮರಳಿದರು. ಏಡ್ರಿಯನ್ ಜಾಗದಲ್ಲಿ ಬಂದಿದ್ದ ಯಾನಿಕ್ ಗರ್ಸ್‌ನನ್ನು ತೆಗೆಯಲಿಲ್ಲ. ಮೂರು ಗಿಟಾರ್ ಇಟ್ಟುಕೊಂಡರು. 2000ದಲ್ಲಿ 'ಬ್ರೇವ್ ನ್ಯೂ ವರ್ಲ್ಡ್' ಬಂತು. ಮುಂದಿನ ಜನವರಿಯಲ್ಲಿ ಬ್ರೆಜಿಲ್‌ನ ರಿಯೊ ನಗರದ ಕಚೇರಿಗೆ ಜನಸಾಗರ.

ನಮ್ಮ ಊರಿಗೂ ಬಂದರು. 2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ. ಭಾರತದಲ್ಲಿ ಅವರ ಮೊದಲ ಕಚೇರಿ ಅದು. ದೇಶದ ಮೂಲೆ ಮೂಲೆಯಿಂದ ರೈಲು ಹತ್ತಿ ಕಪ್ಪು ಟೀಶರ್ಟ್ ಹಾಕಿಕೊಂಡು ಬಂದಿದ್ದರು. ನಾನೂ ಆ ಗುಂಪಿನಲ್ಲಿದ್ದೆ. 'ಫಿಯರ್ ಆಫ್ ದಿ ಡಾರ್ಕ್' ಶುರುವಾದಾಗ ಜನ ಮಾತಿಗಿಂತ ಮೊದಲು ಗಿಟಾರಿನ ರಾಗವನ್ನೇ ಹಾಡಿದರು. ಹೊಸ ಆಲ್ಬಮ್‌ನ ಹಾಡುಗಳೂ ಸಾಕಷ್ಟಿದ್ದವು. ಮುಖ್ಯ ಭಾಗದ ಕೊನೆಗೆ, ಎಂದಿನಂತೆ, ಬ್ಯಾಂಡಿನ ಹೆಸರೇ ಇರುವ ಆ ಹಾಡು. ಸ್ಪೇಸ್‌ವರ್ಡ್‌ನ ಟೇಪಿನಲ್ಲಿದ್ದ ಹಾಡು ಅದು. ಗಾಯಕ ಬೇರೆ, ಡ್ರಮ್ಮರ್ ಬೇರೆ. ಹ್ಯಾರಿಸ್ ಒಂದು ಕಾಲು ವೇದಿಕೆಯ ಮಾನಿಟರ್ ಸ್ಪೀಕರ್ ಮೇಲಿಟ್ಟು ಬೇಸ್ ಅನ್ನು ಜನರ ಕಡೆ ಗುರಿ ಹಿಡಿದು ನಿಂತಿದ್ದ. 2009ರ ಫೆಬ್ರುವರಿಯಲ್ಲಿ ಅವರು ಮತ್ತೆ ಅಲ್ಲಿಗೇ ಬಂದರು.

ಈಗಲೂ ಬದಲಾವಣೆ ನಿಂತಿಲ್ಲ. ನಿಕೊ 2024ರ ಡಿಸೆಂಬರ್‌ನಲ್ಲಿ ಪ್ರವಾಸಗಳಿಂದ ನಿವೃತ್ತನಾದ, ಸೈಮನ್ ಡಾಸನ್ ಡ್ರಮ್ಸ್ ಹಿಂದೆ ಕೂತಿದ್ದಾನೆ.

ನೀವು ಎಲ್ಲಿಂದ ಶುರು ಮಾಡಬೇಕು ಅಂದರೆ, ಮೊದಲು 'ಕಿಲ್ಲರ್ಸ್' ಪೂರ್ತಿ ಕೇಳಿ. ಆಮೇಲೆ 'ದಿ ನಂಬರ್ ಆಫ್ ದಿ ಬೀಸ್ಟ್'. ಮೂರನೆಯದಾಗಿ 'ಸೈನ್ ಆಫ್ ದಿ ಕ್ರಾಸ್' ಹಾಡನ್ನು ಎರಡು ಸಲ ಕೇಳಿ: 1995ರ ಬ್ಲೇಜ್ ದನಿಯಲ್ಲಿ ಒಮ್ಮೆ, ರಿಯೊ ಕಚೇರಿಯ ಬ್ರೂಸ್ ದನಿಯಲ್ಲಿ ಒಮ್ಮೆ. ಹನ್ನೊಂದು ನಿಮಿಷದ ಹಾಡು, ಸ್ವಲ್ಪ ತಾಳ್ಮೆ ಬೇಕು. ಹೆಡ್‌ಫೋನ್ ಹಾಕಿಕೊಂಡೇ ಕೇಳಿ, ಫೋನಿನ ಸ್ಪೀಕರ್‌ನಲ್ಲಿ ಬೇಸ್ ಕೇಳಿಸುವುದಿಲ್ಲ.